ಬೆಲ್ಲಿಯೊಳಗೆ ಕಾಣದ ಸಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಮನೆಯಿಂದ ಹುಬ್ಬಳ್ಳಿಯ ಆಫೀಸಿಗೆ ದಿನಾ ಓಡಾಡುವವಳು ನಾನು. ಕಾಲಲ್ಲಿ ಹೆಚ್ಚಾಗಿ ಬೆಲ್ಲಿ, ಅಂದರೆ ಪಾದದ ಮೇಲ್ಭಾಗ ತೆರೆದಿರುವ ಹಗುರ ಶೂ. ಒಮ್ಮೆ ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಕಾಲು ನೋಡಿ "ಬರಿಗಾಲಿಗೇ ಹಾಕ್ಕೊಂಡೀರಲ್ರೀ, ಕಚ್ಚಂಗಿಲ್ಲೇನು?" ಅಂದರು. ಒಳಗೆ ಸಾಕ್ಸ್ ಇದೆ ಎಂದರೆ ನಂಬಲಿಲ್ಲ. ಒಂದು ಬೆಲ್ಲಿ ಬಿಚ್ಚಿ ತೋರಿಸಬೇಕಾಯಿತು. ಆಮೇಲೆ ಊಟದ ಹೊತ್ತಿನಲ್ಲಿ ಜೊತೆ ಕೆಲಸ ಮಾಡುವವರು, ಗದಗಿನ ವೈನಿ (ಅತ್ತಿಗೆ), ಹಾವೇರಿಯಿಂದ ಪತ್ರ ಬರೆಯುವ ಹಳೆಯ ಗೆಳತಿ, ಎಲ್ಲರೂ ಸುತ್ತಿ ಬಳಸಿ ಕೇಳಿದ್ದು ಇವೇ ಪ್ರಶ್ನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲಿಗೆ

"ಬೆಲ್ಲಿ ಅಂದ್ರ ಯಾವ್ದು? ಅದಕ್ಕ ಬ್ಯಾರೆ ಸಾಕ್ಸ್ ಯಾಕ ಬೇಕು?"

ಎತ್ತರದ ಹೀಲ್ ಇಲ್ಲದೆ, ಮುಂದೆ ಬೆರಳು ಮುಚ್ಚಿ, ಹಿಂದೆ ಹಿಮ್ಮಡಿ ಹಿಡಿದು, ಮೇಲೆ ಪಾದವನ್ನೆಲ್ಲ ತೆರೆದಿಡುವ ಹಗುರ ಶೂ. ಬ್ಯಾಲೆ ನೃತ್ಯದವರ ಪಾದರಕ್ಷೆಯಿಂದ ಬಂದದ್ದು. 1956ರಲ್ಲಿ ಪ್ಯಾರಿಸ್ಸಿನ ರೋಸ್ ರೆಪೆಟ್ಟೊ ಅವರು ನಟಿ ಬ್ರಿಜಿಟ್ ಬಾರ್ಡೊ ಅವರಿಗಾಗಿ ಹೊರಗೆ ಹಾಕಿಕೊಂಡು ಓಡಾಡುವಂಥ ಜೋಡಿ ಮಾಡಿಕೊಟ್ಟರು. ಅದು ಫ್ಯಾಷನ್ ಆಯಿತು. ಆ ಬ್ಯಾಲೆ ನಮ್ಮ ಅಂಗಡಿಗಳಲ್ಲಿ ಬೆಲ್ಲಿ ಆಗಿದೆ.

ಮಾಮೂಲಿ ಸಾಕ್ಸ್ ಹಾಕಿದರೆ ಪಾದದ ಮೇಲೆಲ್ಲ ಬಟ್ಟೆ ಕಾಣುತ್ತದೆ. ಗಿಡ್ಡ ಆ್ಯಂಕಲ್ ಸಾಕ್ಸ್ ಕೂಡ ಇದಕ್ಕೆ ಉದ್ದವೇ. ಬೆರಳು, ಅಂಗಾಲು, ಹಿಮ್ಮಡಿ ಇಷ್ಟನ್ನೇ ಮುಚ್ಚಿ, ಶೂ ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲುವ ಸಾಕ್ಸ್ ಬೇಕು.

"ಅಂಗಡ್ಯಾಗ ಏನಂತ ಕೇಳಬೇಕ್ರೀ?"

"ಲೋಫರ್ ಸಾಕ್ಸ್" ಅನ್ನಿ. ಹುಬ್ಬಳ್ಳಿಯ ದುರ್ಗದಬೈಲಿನ ಸಣ್ಣ ಅಂಗಡಿಯಲ್ಲೂ, ಧಾರವಾಡದ ಸುಭಾಸ್ ರಸ್ತೆಯಲ್ಲೂ ಈ ಹೆಸರು ನಡೆಯುತ್ತದೆ. ಪ್ಯಾಕೆಟ್ ಮೇಲೆ ನೋ ಶೋ, ಇನ್‌ವಿಸಿಬಲ್ ಅಂತಲೂ ಬರೆದಿರುತ್ತದೆ. ಒಂದು ಎಚ್ಚರಿಕೆ. ಗಂಡಸರ ಲೋಫರ್ ಶೂಗೆ ಮಾಡಿದ ಸಾಕ್ಸ್ ಬೆಲ್ಲಿಗೆ ಆಗುವುದಿಲ್ಲ. ಲೋಫರ್ ಪಾದದ ಮೇಲೆ ಜಾಸ್ತಿ ಬಂದಿರುತ್ತದೆ, ಬೆಲ್ಲಿ ಬೆರಳಿನ ಬುಡಕ್ಕೇ ನಿಂತುಬಿಡುತ್ತದೆ. "ಲೇಡೀಸ್, ಬೆಲ್ಲಿಗೆ ಹಾಕೋದು, ಲೋ ಕಟ್" ಎಂದು ಬಿಡಿಸಿ ಹೇಳಿ.

"ಸಾಕ್ಸ್ ಇಲ್ದ ಹಾಕ್ಕೊಂಡ್ರ ಏನಾಗ್ತೈತಿ?"

ಅರ್ಧ ಗಂಟೆಗೆ ಏನೂ ಆಗುವುದಿಲ್ಲ. ಇಡೀ ದಿನವಾದರೆ ಬೆವರು ನೇರವಾಗಿ ಶೂ ಒಳಗೆ ಇಳಿಯುತ್ತದೆ. ನಾವು ಕೊಳ್ಳುವ ಬೆಲ್ಲಿಗಳಲ್ಲಿ ಹೆಚ್ಚಿನವು ರೆಕ್ಸಿನ್. ರೆಕ್ಸಿನ್ ಒಳಗೆ ಗಾಳಿ ಆಡುವುದಿಲ್ಲ, ಶೂ ತೊಳೆಯಲೂ ಆಗುವುದಿಲ್ಲ. ಸಾಕ್ಸ್ ಆದರೆ ದಿನಾ ತೊಳೆಯಬಹುದು. ಚರ್ಮ ಮತ್ತು ಶೂ ನಡುವಿನ ತಿಕ್ಕಾಟವೂ ಕಡಿಮೆ.

"ಬಿಳೀದು ತಗೊಳ್ಲೋ, ಸ್ಕಿನ್ ಕಲರ್ ತಗೊಳ್ಲೋ?"

ಬಿಳಿ ಬೇಡ. ಒಂದು ಎಳೆ ಇಣುಕಿದರೂ ದೂರದಿಂದ ಕಾಣುತ್ತದೆ. ಆದರೆ ಪ್ಯಾಕೆಟ್‌ನ "ಸ್ಕಿನ್ ಕಲರ್" ಯಾರ ಸ್ಕಿನ್ನೋ ಗೊತ್ತಿಲ್ಲ! ನಮ್ಮ ಕಡೆಯ ಬಿಸಿಲು ತಿಂದ ಪಾದಕ್ಕೆ ಆ ಗುಲಾಬಿ ಮಿಶ್ರಿತ ಬಣ್ಣ ಬ್ಯಾಂಡೇಜ್ ಹಾಕಿದಂತೆ ಕಾಣುತ್ತದೆ. ಪ್ಯಾಕೆಟ್ಟನ್ನು ಕೈಗಲ್ಲ, ಪಾದಕ್ಕೆ ಹಿಡಿದು ನೋಡಿ. ಕಂದು, ಚಹಾ ಬಣ್ಣ ಸಿಕ್ಕರೆ ತೆಗೆದುಕೊಳ್ಳಿ. ಕಪ್ಪು ಬೆಲ್ಲಿಗೆ ಕಪ್ಪು ಸಾಕ್ಸ್ ಒಳ್ಳೆಯದು. ಸ್ವಲ್ಪ ಇಣುಕಿದರೂ ಶೂ ಅಂಚೇ ಅನ್ನಿಸುತ್ತದೆ.

## ಅಳತೆ, ಹಿಡಿತ

"ಪ್ಯಾಕೆಟ್ ಒಡಿಯಾಕ ಬಿಡಂಗಿಲ್ಲ. ನನ್ನ ಬೆಲ್ಲಿಗೆ ಸರಿ ಆಗ್ತೈತೋ ಇಲ್ಲೋ ಹೆಂಗ ಗೊತ್ತಾಗಬೇಕು?"

ಎಲ್ಲರೂ ಕಾಲಿನ ಸೈಜ್ ನೋಡುತ್ತಾರೆ, ಶೂ ಬಾಯಿ ಎಷ್ಟು ತೆರೆದಿದೆ ಎಂದು ನೋಡುವುದಿಲ್ಲ. ಕಾಣದ ಸಾಕ್ಸ್ ಕಾಲಿಗಿಂತ ಶೂಗೆ ಹೊಂದಬೇಕು.

ಮನೆಯಲ್ಲೇ ಹೀಗೆ ಮಾಡಿ. ಬೆಲ್ಲಿ ಹಾಕಿಕೊಂಡು, ಕಾಡಿಗೆ ಪೆನ್ಸಿಲ್ಲಿನಿಂದ ಶೂ ಅಂಚಿನಗುಂಟ ಪಾದದ ಮೇಲೆ ಗೆರೆ ಎಳೆಯಿರಿ. ಶೂ ಬಿಚ್ಚಿ. ಹೆಬ್ಬೆರಳ ತುದಿಯಿಂದ ಗೆರೆಯ ನಡುಭಾಗಕ್ಕೆ ಟೇಪ್ ಹಿಡಿದು ಅಳೆಯಿರಿ. ಹಿಂದೆ ನೆಲದಿಂದ ಗೆರೆಯವರೆಗಿನ ಎತ್ತರವನ್ನೂ ಅಳೆಯಿರಿ. ನನ್ನ ಒಂದು ಬೆಲ್ಲಿಯಲ್ಲಿ ಮುಂದಿನ ಅಳತೆ 7 ಸೆಂಟಿಮೀಟರ್, ಇನ್ನೊಂದರಲ್ಲಿ 5.5. ಅಷ್ಟೇ ವ್ಯತ್ಯಾಸಕ್ಕೆ ಮೊದಲನೆಯದಕ್ಕೆ ಹಾಕುವ ಸಾಕ್ಸ್ ಎರಡನೆಯದರಲ್ಲಿ ಕಾಣುತ್ತದೆ. ಸಾಕ್ಸ್‌ನ ಬೆರಳು ಮುಚ್ಚುವ ಭಾಗ, ಹಿಮ್ಮಡಿಯ ಭಾಗ ಎರಡೂ ಗೆರೆಗಿಂತ ಅರ್ಧ ಸೆಂಟಿಮೀಟರ್ ಕೆಳಗಿರಬೇಕು. ತೀರಾ ಕೆಳಗಿದ್ದರೆ ಜಾರುತ್ತದೆ.

ಅಂಗಡಿಗೆ ಅದೇ ಬೆಲ್ಲಿ ಹಾಕಿಕೊಂಡು ಹೋಗಿ. ಪ್ಯಾಕೆಟ್ ಒಡೆಯಲು ಬಿಡದಿದ್ದರೆ ಒಂದೇ ಜೋಡಿ ಕೊಳ್ಳಿ. "ಮೂರರ ಸೆಟ್ ಸೋವಿ ಬೀಳ್ತೈತ್ರೀ" ಎಂದು ಆಸೆ ಹಚ್ಚುತ್ತಾರೆ. ಸರಿಹೊಂದದ ಮೂರು ಜೋಡಿ ನನ್ನ ಕಪಾಟಿನಲ್ಲಿ ಇನ್ನೂ ಬಿದ್ದಿವೆ, ಕನ್ನಡಕ ಒರೆಸಲು ಬರುತ್ತವೆ.

"ಫ್ರೀ ಸೈಜ್ ಅಂದ್ರ ಎಲ್ಲಾರಿಗೂ ಆಗ್ತೈತಲ್ಲ?"

ಎಲ್ಲರ ಕಾಲಿಗೂ ಏರುತ್ತದೆ, ಎಲ್ಲರ ಕಾಲಲ್ಲೂ ನಿಲ್ಲುವುದಿಲ್ಲ. ನಮ್ಮಲ್ಲಿ ಶೂ ಸೈಜ್ ಹೆಚ್ಚಾಗಿ ಬ್ರಿಟನ್ ಲೆಕ್ಕದ್ದು. ಅದರ 5 ಯುರೋಪ್ ಲೆಕ್ಕದಲ್ಲಿ ಸುಮಾರು 38. ಪ್ಯಾಕೆಟ್ ಮೇಲೆ ಎರಡರಲ್ಲಿ ಯಾವುದು ಇದೆ ನೋಡಿ. 3 ಅಥವಾ 4 ಹಾಕುವ ಸಣ್ಣ ಪಾದದವರಿಗೆ ಫ್ರೀ ಸೈಜ್ ಹೆಚ್ಚಾಗಿ ಸಡಿಲ. ಅವರು ಹುಡುಗಿಯರ ಸಾಲಿನಲ್ಲಿ ಹುಡುಕಲಿ, ನಾಚಿಕೆ ಏನಿಲ್ಲ. ಸಾಕ್ಸ್ ಎಳೆಯದೆ ಇಟ್ಟಾಗ ಪಾದಕ್ಕಿಂತ ಚಿಕ್ಕದಿರಬೇಕು, ಹಾಕಿಕೊಂಡಾಗ ಬೆರಳು ಮಡಚದಂತೆ ಹಿಗ್ಗಬೇಕು.

"ನಾಕ್ ಹೆಜ್ಜಿ ಇಟ್ರ ಸಾಕು, ಸಾಕ್ಸ್ ಜಾರಿ ಅಂಗಾಲಿಗೆ ಬರ್ತಾವು. ನನ್ನ ಕಾಲಾಗ ಏನ್ ದೋಷ ಐತಿ?"

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ನಿಮ್ಮ ಕಾಲಲ್ಲಿ ದೋಷ ಇಲ್ಲ.

ನಡೆಯುವಾಗ ಏನಾಗುತ್ತದೆ ನೋಡಿ. ಹೆಜ್ಜೆ ಎತ್ತಿದಾಗ ಹಿಮ್ಮಡಿ ಶೂನಿಂದ ಕೊಂಚ ಮೇಲೇಳುತ್ತದೆ, ಇಟ್ಟಾಗ ಕೆಳಗಿಳಿಯುತ್ತದೆ. ಬೆಲ್ಲಿಗೆ ಲೇಸ್ ಇಲ್ಲ, ಪಟ್ಟಿ ಇಲ್ಲ. ಹಾಗಾಗಿ ಈ ಏರಿಳಿತ ಜಾಸ್ತಿ. ಸಾಕ್ಸ್ ಶೂ ಒಳಗಿನ ಅಸ್ತರಿಗೆ ಅಂಟಿ ನಿಲ್ಲುತ್ತದೆ, ಹಿಮ್ಮಡಿ ಮಾತ್ರ ಮೇಲೆ ಬರುತ್ತದೆ. ಪ್ರತಿ ಹೆಜ್ಜೆಗೂ ಒಂದು ಕೂದಲೆಳೆಯಷ್ಟು ಸಾಕ್ಸ್ ಕೆಳಗುಳಿಯುತ್ತದೆ. ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಅದು ಅಂಗಾಲಿನಡಿ ಉಂಡೆ.

ಅದಕ್ಕೆ ಮೊದಲು ಶೂ ನೋಡಿ. ಬೆಲ್ಲಿ ಅರ್ಧ ಸೈಜ್ ದೊಡ್ಡದಿದ್ದರೆ ಯಾವ ಸಾಕ್ಸ್ ಹಾಕಿದರೂ ಜಾರುತ್ತದೆ. ಶೂ ಅಂಗಡಿಯಲ್ಲಿ ಸಿಗುವ ಹೀಲ್ ಪ್ಯಾಡ್ ಹಿಂಭಾಗಕ್ಕೆ ಅಂಟಿಸಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಸಾಕ್ಸ್‌ನ ಹಿಮ್ಮಡಿ. ಮೇಜಿನ ಮೇಲೆ ಇಟ್ಟರೆ ಅಲ್ಲಿ ಬಟ್ಟಲಿನಂಥ ಕುಳಿ ಕಾಣಬೇಕು. ಎರಡು ಚಪ್ಪಟೆ ತುಂಡು ಸೇರಿಸಿ ಹೊಲಿದ ಅಗ್ಗದ ಸಾಕ್ಸ್‌ಗೆ ಆ ಕುಳಿ ಇರುವುದಿಲ್ಲ. ಒಳಗೆ ಚರ್ಮಕ್ಕೆ ಅಂಟಿ ಹಿಡಿಯುವ ಸಿಲಿಕಾನ್ ಪಟ್ಟಿ ಇರಬೇಕು. ಅದು ಅಗಲವಾಗಿದ್ದು, ಅಂಚಿನ ಹತ್ತಿರವೇ ಇದ್ದರೆ ಒಳ್ಳೆಯ ಹಿಡಿತ. ನಡುವೆ ಎಲ್ಲೋ ಎರಡು ಚುಕ್ಕೆ ಇದ್ದರೆ ಸುಮ್ನೆ ತೋರಿಕೆಗೆ.

ಮೂರನೆಯದು ನಮ್ಮದೇ ತಪ್ಪು. ಕಾಲಿಗೆ ಕೊಬ್ಬರಿ ಎಣ್ಣೆ, ಕ್ರೀಮ್, ಪೌಡರ್ ಹಚ್ಚಿ ತಕ್ಷಣ ಸಾಕ್ಸ್ ಹಾಕಿದರೆ ಸಿಲಿಕಾನ್ ಹಿಡಿಯುವುದಿಲ್ಲ. ಎಣ್ಣೆ ರಾತ್ರಿಗೆ ಇರಲಿ.

"ಹಾಕ್ಕೊಳ್ಳೋದ್ರಾಗೂ ರೀತಿ ಐತೇನು?"

ಇದೆ. ಹಿಮ್ಮಡಿಯ ಭಾಗವನ್ನು ಪೂರ್ತಿ ಮೇಲೆಳೆದು, ಸಿಲಿಕಾನ್ ಚರ್ಮಕ್ಕೆ ಒತ್ತಿ. ಬೆರಳು ಮೊದಲು ಶೂ ಒಳಗೆ ಹೋಗಲಿ. ಹಿಮ್ಮಡಿ ಕೂರಿಸುವಾಗ ಶೂ ಅಂಚು ಸಾಕ್ಸನ್ನು ಕೆಳಗೆ ನೂಕುತ್ತದೆ, ಅಲ್ಲೇ ಅರ್ಧ ಕೆಲಸ ಕೆಡುತ್ತದೆ. ಒಂದು ಹಳೆಯ ಚಮಚದ ಹಿಡಿಯನ್ನು ಹಿಂದೆ ಇಟ್ಟು ಜಾರಿಸಿ. ನಮ್ಮ ಬಾಗಿಲ ಹತ್ತಿರ ಅಂಥ ಚಮಚ ನೇತು ಹಾಕಿದ್ದೇನೆ, ಬಂದವರೆಲ್ಲ ಯಾಕೆ ಎಂದು ಕೇಳುತ್ತಾರೆ.

"ಛಲೋ ಸಾಕ್ಸ್ ಅಂತ ಪಾಸ್ ಮಾಡೋದು ಯಾವಾಗ?"

ಮನೆಯೊಳಗೆ ಹತ್ತು ಸುತ್ತು ಹೊಡೆದರೆ ಗೊತ್ತಾಗುವುದಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದ ಪ್ಲಾಟ್‌ಫಾರ್ಮ್ ಇದೆಯಲ್ಲ, 1,507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಒಮ್ಮೆ ರೈಲು ತಪ್ಪುತ್ತದೆಂದು ಅದರ ಮೇಲೆ ಬಿರಬಿರನೆ ನಡೆದೆ. ಹೊಸ ಸಾಕ್ಸ್. ಕಾಲುಭಾಗ ದಾರಿಗೆ ಎಡಗಾಲಿನದು ಜಾರಿತು, ಅರ್ಧ ದಾರಿಗೆ ಬಲಗಾಲಿನದು. ಬೋಗಿ ಹತ್ತಿ ಕೂತಾಗ ಎರಡೂ ಬೆರಳ ತುದಿಯಲ್ಲಿದ್ದವು. ಅಂದಿನಿಂದ ನನ್ನ ಲೆಕ್ಕ ಹೀಗೆ: ಬಿರಬಿರನೆ ಎರಡು ಸಾವಿರ ಹೆಜ್ಜೆ, ಒಂದು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು. ಅಷ್ಟಕ್ಕೂ ಅಲ್ಲಾಡದಿದ್ದರೆ ಪಾಸು. ಮೆಟ್ಟಿಲು ಮುಖ್ಯ, ಹತ್ತುವಾಗ ಹಿಮ್ಮಡಿ ಜಾಸ್ತಿ ಏಳುತ್ತದೆ.

"ಸಾಕ್ಸ್ ಹಾಕಿದ್ರೂ ಹಿಂದ ಬೊಬ್ಬಿ ಬರ್ತಾವಲ್ಲ?"

ಶೂ ಅಂಚು ಸಾಕ್ಸ್‌ಗಿಂತ ಮೇಲಿರುತ್ತದೆ. ಆ ಅಂಚೇ ಕಚ್ಚುತ್ತಿದ್ದರೆ ಕಾಣದ ಸಾಕ್ಸ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೊಸ ಬೆಲ್ಲಿಯ ಅಂಚನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮೆತ್ತಗೆ ಮಾಡಿ, ಮೊದಲ ವಾರ ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಳ್ಳಿ. ಬೊಬ್ಬೆ ಬಂದರೆ ಚುಚ್ಚಬೇಡಿ. ಮೇಲಿನ ಚರ್ಮವೇ ಅದಕ್ಕೆ ರಕ್ಷಣೆ. ಇನ್ನು ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ.

## ಬಟ್ಟೆ, ಬೆವರು, ಮಳೆ

"ಕಾಟನ್ ಛಲೋನೋ, ನೈಲಾನ್ ಛಲೋನೋ?"

ಪೂರ್ತಿ ಕಾಟನ್ ಸಾಕ್ಸ್ ಹಿಗ್ಗಿದರೆ ಹಿಂದಕ್ಕೆ ಬರುವುದಿಲ್ಲ. ಪ್ಯಾಕೆಟ್ ಹಿಂದೆ ಓದಿ. ಹೆಚ್ಚು ಭಾಗ ಕಾಟನ್, ಜೊತೆಗೆ ನೈಲಾನ್ ಅಥವಾ ಪಾಲಿಯೆಸ್ಟರ್, ಸ್ವಲ್ಪ ಸ್ಪ್ಯಾಂಡೆಕ್ಸ್ ಇದ್ದರೆ ನಮ್ಮ ಬೇಸಿಗೆಗೆ ಸರಿ. ಕಾಟನ್ ಬೆವರು ಹೀರುತ್ತದೆ, ನೈಲಾನ್ ಬಾಳಿಕೆ ಕೊಡುತ್ತದೆ, ಸ್ಪ್ಯಾಂಡೆಕ್ಸ್ ಹಿಡಿದಿಡುತ್ತದೆ.

"ಐಸ್ ಸಿಲ್ಕ್" ಎಂದು ತೆಳ್ಳಗೆ, ತಣ್ಣಗೆ ಅನ್ನಿಸುವ ಒಂದು ಬಗೆ ಬರುತ್ತದೆ. ಅದರಲ್ಲಿ ರೇಷ್ಮೆ ಇರುವುದಿಲ್ಲ, ನೈಲಾನ್‌ನಂಥ ನೂಲು. ಬಿಗಿ ಬೆಲ್ಲಿಗೆ ದಪ್ಪ ಸಾಕ್ಸ್ ಹಿಡಿಸದಿದ್ದಾಗ ಇದು ಉಪಯೋಗ. ಬೆವರುವ ಕಾಲಿಗೆ ಬೇಡ.

"ಬಿದಿರಿನ ಸಾಕ್ಸ್ ವಾಸನಿ ಬರಂಗಿಲ್ಲ ಅಂತಾರ, ಖರೇನ?"

ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ನೂಲು ತೆಗೆಯುತ್ತಾರೆ. ಕೊನೆಗೆ ಸಿಗುವುದು ವಿಸ್ಕೋಸ್, ಅಂದರೆ ರೇಯಾನ್ ಜಾತಿ. ಮೆತ್ತಗಿರುತ್ತದೆ, ಬೆವರು ಹೀರುತ್ತದೆ, ಅದು ನಿಜ. ವಾಸನೆ ಬರುವುದೇ ಇಲ್ಲ ಎಂಬ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ.

"ಸಂಜಿಗೆ ಶೂ ಬಿಚ್ಚಿದ್ರ ಮನ್ಯಾಗ ಎಲ್ಲಾರೂ ಮೂಗು ಮುಚ್ಕೋತಾರ. ಏನ್ ಮಾಡ್ಲಿ?"

ಬೆವರಿಗೆ ತನ್ನದೇ ವಾಸನೆ ಅಷ್ಟಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾರುತ್ತದೆ. ಅವಕ್ಕೆ ಬೇಕಿರುವುದು ತೇವ ಮತ್ತು ಬಿಸಿ, ರೆಕ್ಸಿನ್ ಬೆಲ್ಲಿಯಲ್ಲಿ ಎರಡೂ ಪುಕ್ಕಟೆ. ಒಂದೇ ಬೆಲ್ಲಿಯನ್ನು ದಿನಾ ಹಾಕಬೇಡಿ, ಎರಡು ಜೋಡಿ ಇಟ್ಟು ಒಂದನ್ನು ಒಂದು ದಿನ ಪೂರ್ತಿ ಒಣಗಲು ಬಿಡಿ. ರಾತ್ರಿ ಒಳಗೆ ಸ್ವಲ್ಪ ಅಡುಗೆ ಸೋಡಾ ಉದುರಿಸಿ ಬೆಳಿಗ್ಗೆ ಝಾಡಿಸಿ. ಬೆರಳ ಸಂದಿ ಒರೆಸಿ ಒಣಗಿಸಿದ ಮೇಲೆ ಸಾಕ್ಸ್ ಹಾಕಿ. ಸಂದಿಯಲ್ಲಿ ತುರಿಕೆ, ಬೆಳ್ಳಗೆ ಸುಲಿಯುವುದು ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಪೌಡರಿನಿಂದ ಮುಚ್ಚಿಟ್ಟರೆ ಹೋಗುವುದಿಲ್ಲ.

"ಧಾರವಾಡದ ಜಿಟಿಜಿಟಿ ಮಳ್ಯಾಗ ಬೆಲ್ಲಿ ಹಾಕಬಹುದಾ?"

ನಾನು ಹಾಕುವುದಿಲ್ಲ. ಎರೆ ಮಣ್ಣಿನ ರಾಡಿ ಬೆಲ್ಲಿಯ ತೆಳು ಅಟ್ಟೆಗೆ ಅಂಟಿದರೆ ಬಿಡಿಸುವುದು ಕಷ್ಟ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಹೋಗಿ, ಆಫೀಸಿನಲ್ಲಿ ಕಾಲು ಒರೆಸಿ ಬೆಲ್ಲಿ ಹಾಕಿಕೊಳ್ಳುತ್ತೇನೆ. ಹಾಕಲೇಬೇಕಾದರೆ ಪರ್ಸಿನಲ್ಲಿ ಒಂದು ಒಣ ಜೋಡಿ ಇರಲಿ. ಮಡಚಿದರೆ ಕರವಸ್ತ್ರಕ್ಕಿಂತ ಚಿಕ್ಕದು. ನೆನೆದ ಬೆಲ್ಲಿಗೆ ಪೇಪರ್ ತುರುಕಿ ನೆರಳಲ್ಲಿ ಇಡಿ.

## ನಮ್ಮ ಕಡೆಯ ಪ್ರಶ್ನೆಗಳು

"ಕಾಲುಂಗುರಕ್ಕ ಸಿಕ್ಕೊಂಡು ಸಾಕ್ಸ್ ಹರೀತಾವು. ಉಂಗುರ ತಗಿಯಾಕ ನಮ್ಮತ್ತಿ ಒಪ್ಪಂಗಿಲ್ಲ."

ತೆಗೆಯುವುದು ಬೇಡ. ನಮ್ಮ ಕಾಲುಂಗುರಗಳಲ್ಲಿ ಹೆಚ್ಚಿನವು ಬಾಯಿ ಬಿಟ್ಟಿರುತ್ತವೆ, ಹಿಗ್ಗಿಸಿ ಕುಗ್ಗಿಸಲು ಅನುಕೂಲವಾಗಲಿ ಎಂದು. ಆ ತುದಿಗಳೇ ನೂಲನ್ನು ಎಳೆಯುವುದು. ಪತ್ತಾರರ ಹತ್ತಿರ ಹೋಗಿ ತುದಿ ತೀಡಿಸಿ ನುಣ್ಣಗೆ ಮಾಡಿಸಿ, ಐದು ನಿಮಿಷದ ಕೆಲಸ. ಹರಳು, ಗೆಜ್ಜೆ ಕೂಡಿಸಿದ ಉಂಗುರ ಹಬ್ಬಕ್ಕೆ ಇಟ್ಟು, ದಿನಕ್ಕೆ ಸಾದಾ ಬಳೆಯಂಥದ್ದು ಹಾಕಿ. ನನ್ನ ವೈನಿ ಹಾಗೇ ಮಾಡಿದ್ದಾರೆ, ಅತ್ತೆಯವರೂ ಏನೂ ಅನ್ನಲಿಲ್ಲ. ಸುತ್ತುಸುತ್ತಿನ ದಪ್ಪ ಉಂಗುರವಾದರೆ ಮುಂಭಾಗ ಕಿರಿದಾದ ಬೆಲ್ಲಿಯೇ ಬೇಡ, ಪಕ್ಕದ ಬೆರಳಿಗೆ ಒತ್ತುತ್ತದೆ. ದುಂಡು ಮೂತಿಯದು ನೋಡಿ.

ಹಿಮ್ಮಡಿ ಒಡೆದಿದ್ದರೂ ಇದೇ ಕಥೆ, ಒಡಕಿನ ಅಂಚು ತೆಳು ಸಾಕ್ಸನ್ನು ಕಿತ್ತುಹಾಕುತ್ತದೆ. ಸ್ನಾನ ಮಾಡುವಾಗ ಕಲ್ಲಿನಿಂದ ತಿಕ್ಕಿ.

"ಮಠಕ್ಕ ಹೋದಾಗ, ಯಾರರೆ ಮನಿಗೆ ಹೋದಾಗ ಶೂ ಬಿಚ್ಚಿದ್ರ ಸಾಕ್ಸ್ ಚೊಲೊ ಕಾಣಂಗಿಲ್ಲ."

ನಿಜ, ಈ ಅರ್ಧಂಬರ್ಧ ಸಾಕ್ಸ್ ಶೂ ಇಲ್ಲದೆ ನೋಡಲು ವಿಚಿತ್ರ. ಸಿದ್ಧಾರೂಢ ಮಠಕ್ಕೆ ಹೋದರೆ ನಾನು ಸಾಕ್ಸನ್ನೂ ಬಿಚ್ಚಿ ಪರ್ಸಿಗೆ ಹಾಕಿಕೊಳ್ಳುತ್ತೇನೆ. ಬೆಲ್ಲಿಯೊಳಗೆ ತುರುಕಿ ಬಿಟ್ಟರೆ ಮರಳಿ ಬಂದಾಗ ಒಂದೇ ಇರುತ್ತದೆ. ಮನೆಗಳಲ್ಲಿ ಇನ್ನೊಂದು ಮಾತು. ನುಣುಪು ಫರ್ಷಿಯ ಮೇಲೆ ಈ ಸಾಕ್ಸ್ ಜಾರುತ್ತದೆ. ಅಂಗಾಲಿನ ಹೊರಗೂ ರಬ್ಬರ್ ಚುಕ್ಕೆ ಇರುವ ಬಗೆ ಸಿಗುತ್ತದೆ, ಆದರೆ ಅದು ಶೂ ಒಳಗೆ ದಪ್ಪ ಅನ್ನಿಸುತ್ತದೆ. ಬಿಚ್ಚಿಬಿಡುವುದೇ ಸುಲಭ.

"ನಾ ಸಾಲಿ ಟೀಚರ್. ನಿಂತು ನಿಂತು ಮಧ್ಯಾಹ್ನದ ಹೊತ್ತಿಗೆ ಸಾಕ್ಸ್ ಅಂಚು ಕೊರೀತೈತಿ."

ನಿಂತಷ್ಟೂ ಕಾಲು ಊದುತ್ತದೆ. ಬೆಳಿಗ್ಗೆ ಸರಿಯಿದ್ದ ಸಾಕ್ಸ್ ಆಗ ಬಿಗಿಯಾಗುತ್ತದೆ. ತೆಳು ರಬ್ಬರಿನ ಅಂಚು ಇರುವುದನ್ನು ಬಿಟ್ಟು, ಅಗಲ ಚಪ್ಪಟೆ ಅಂಚಿನದು ತೆಗೆದುಕೊಳ್ಳಿ. ಬೆರಳ ಮೇಲಿನ ಹೊಲಿಗೆಯನ್ನೂ ಒಳಗೆ ಕೈ ಹಾಕಿ ಮುಟ್ಟಿ ನೋಡಿ. ಗಂಟಿನಂತೆ ಸಿಕ್ಕರೆ ಮಧ್ಯಾಹ್ನಕ್ಕೆ ಅದೇ ಕಿರುಬೆರಳಿಗೆ ಕಾಟ. ಅಂಗಾಲಿನ ಮುಂಭಾಗದಲ್ಲಿ ಟವೆಲ್‌ನಂಥ ದಪ್ಪ ನೇಯ್ಗೆ ಇರುವ ಸಾಕ್ಸ್ ನಿಲ್ಲುವವರಿಗೆ ಹಿತ. ಹಿಮ್ಮಡಿ ನೋವು ದಿನಾ ಬೆಳಿಗ್ಗೆ ಏಳುವಾಗಲೇ ಇದ್ದರೆ ಸಾಕ್ಸ್ ಬದಲಿಸಿ ಉಪಯೋಗವಿಲ್ಲ. ಬೆಲ್ಲಿಯ ಅಟ್ಟೆ ಅಂಗಾಲಿನ ಕಮಾನಿಗೆ ಆಸರೆ ಕೊಡುವುದಿಲ್ಲ. ಡಾಕ್ಟರನ್ನು ಕೇಳಿ, ಬೆಲ್ಲಿಗೆ ಸ್ವಲ್ಪ ದಿನ ರಜೆ ಕೊಡಿ.

## ತೊಳೆಯುವುದು, ಬಾಳಿಕೆ

"ನಾಕ್ ಸಲ ತೊಳದ್ರ ಅಂಟೇ ಹೋಗ್ತೈತಿ."

ಒಳಗನ್ನು ಹೊರಗೆ ಮಾಡಿ ತಣ್ಣೀರಲ್ಲಿ ತೊಳೆಯಿರಿ. ಸಿಲಿಕಾನ್ ಮೇಲೆ ಕೂತ ಎಣ್ಣೆ, ಸತ್ತ ಚರ್ಮವನ್ನು ಬೆರಳಲ್ಲಿ ಸೋಪು ಹಚ್ಚಿ ಉಜ್ಜಿ. ಹೋಯಿತು ಅಂದುಕೊಂಡ ಹಿಡಿತ ಹೆಚ್ಚಿನ ಸಲ ಇದರಿಂದಲೇ ಮರಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬೇಡ, ಅದು ಪದರ ಕಟ್ಟುತ್ತದೆ. ಬ್ಲೀಚ್, ಇಸ್ತ್ರಿ ಎರಡೂ ಬೇಡ. ಹಿಂಡಿ ತಿರುಚಬೇಡಿ, ಕೈಯಲ್ಲಿ ಒತ್ತಿ ನೆರಳಲ್ಲಿ ಹರವಿ. ಮಷೀನಿಗೆ ಹಾಕುವುದಾದರೆ ಜಾಳಿಗೆ ಚೀಲದಲ್ಲಿ ಹಾಕಿ, ಇಲ್ಲದಿದ್ದರೆ ಜೋಡಿಯಲ್ಲಿ ಒಂದು ಮಾಯ.

"ಹಳೇದು ಯಾವಾಗ ಕಸಕ್ಕ ಒಗೀಬೇಕು?"

ಎಳೆದು ಬಿಟ್ಟಾಗ ಹಿಂದಕ್ಕೆ ಬರದಿದ್ದರೆ, ಸಿಲಿಕಾನ್ ಬಿರುಕು ಬಿಟ್ಟಿದ್ದರೆ, ಹಿಮ್ಮಡಿ ಜಾಳಾಗಿ ಚರ್ಮ ಕಂಡರೆ. ಒಂದೇ ಬಣ್ಣ, ಒಂದೇ ಬಗೆಯ ನಾಲ್ಕು ಜೋಡಿ ಕೊಂಡರೆ ಒಂಟಿಯಾದವನ್ನು ಕೂಡಿಸಬಹುದು.

## ಇನ್ನೂ ಆಳಕ್ಕೆ

"ಅವ್ವಗ ಸಕ್ಕರಿ ಕಾಯಿಲೆ ಐತಿ. ಇದನ್ನ ಹಾಕಬಹುದಾ?"

ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಬಹುದು. ಸಾಕ್ಸ್ ಮುದುಡಿ ಒತ್ತಿದರೂ, ಶೂ ಕಚ್ಚಿದರೂ ಗೊತ್ತಾಗದೆ ಗಾಯವಾಗುತ್ತದೆ. ಜಾರುವ ಸಾಕ್ಸ್, ತೆಳು ಅಟ್ಟೆಯ ಬೆಲ್ಲಿ ಎರಡೂ ಅವರಿಗೆ ಒಳ್ಳೆಯ ಜೋಡಿಯಲ್ಲ. ಹೊಲಿಗೆ ಒತ್ತದ, ಅಂಚು ಬಿಗಿಯಿಲ್ಲದ, ತಿಳಿ ಬಣ್ಣದ ಪೂರ್ತಿ ಸಾಕ್ಸ್ ಹಾಕಲಿ. ಇಲ್ಲಿ ಮಾತ್ರ ಬಿಳಿ ಬಣ್ಣ ಬೇಕು, ರಕ್ತ ಅಥವಾ ಕೀವಿನ ಕಲೆ ತಕ್ಷಣ ಕಾಣುತ್ತದೆ. ರಾತ್ರಿ ಅವರ ಅಂಗಾಲನ್ನು ನೀವೇ ನೋಡಿ. ಯಾವ ಶೂ ಎಂಬುದನ್ನು ಅವರ ಡಾಕ್ಟರ್ ಹೇಳಲಿ.

"ಸಿಲಿಕಾನ್ ಇದ್ದಲ್ಲಿ ಕೆಂಪಗ ಆಗಿ ತುರಸ್ತೈತಿ."

ಪಟ್ಟಿಯ ಕೆಳಗೆ ಬೆವರು ನಿಂತು, ತಿಕ್ಕಿ ಹಾಗಾಗುತ್ತದೆ. ಕೆಲವರ ಚರ್ಮಕ್ಕೆ ಅದು ಒಗ್ಗುವುದೂ ಇಲ್ಲ. ಕೆಂಪು ಹೋಗುವ ತನಕ ಬಿಡಿ. ಆಮೇಲೆ ಸಿಲಿಕಾನ್ ಇಲ್ಲದ, ಆಳ ಹಿಮ್ಮಡಿಯ ಸಾಕ್ಸ್ ಹಾಕಿ, ಹಿಡಿತವನ್ನು ಶೂಗೆ ಅಂಟಿಸಿದ ಹೀಲ್ ಪ್ಯಾಡ್ ಕೊಡಲಿ.

"ಬಾಜೂಕ ಪೂರಾ ತೆರೆದ ಬೆಲ್ಲಿ ಐತಿ. ಅದಕ್ಕ ಯಾವ ಸಾಕ್ಸೂ ಆಗವಲ್ದು."

ಆಗುವುದೂ ಇಲ್ಲ. ಅದಕ್ಕೆ ಬೆರಳಿಗೆ ಟೋಪಿ ಹಾಕಿದಂಥ ಅರ್ಧ ಸಾಕ್ಸ್ ಬೇಕು, ಹಿಮ್ಮಡಿ ಬರಿಗಾಲೇ. ಒಳಗೆ ಟವೆಲ್ ಬಟ್ಟೆಯ ತೆಳು ಇನ್‌ಸೋಲ್ ಅಂಟಿಸಿದರೆ ಬೆವರಿಗೆ ಅದು ಆಗುತ್ತದೆ, ವಾರಕ್ಕೊಮ್ಮೆ ತೆಗೆದು ತೊಳೆಯಬಹುದು.

"ಇದ್ದ ಸಾಕ್ಸನ್ನ ಮನ್ಯಾಗ ರಿಪೇರಿ ಮಾಡಾಕ ಬರ್ತೈತೇನ್ರೀ?"

ಉದ್ದ ಸಾಕ್ಸ್ ಕತ್ತರಿಸಿ ಇದನ್ನು ಮಾಡಲು ಹೋಗಬೇಡಿ. ಹೆಣೆದ ಬಟ್ಟೆ, ಅಂಚು ಬಿಚ್ಚುತ್ತಾ ಹೋಗುತ್ತದೆ. ಆದರೆ ಸಡಿಲವಾದದ್ದನ್ನು ಬಿಗಿ ಮಾಡಬಹುದು. ಹಿಮ್ಮಡಿಯ ಹಿಂದೆ, ಅಂಚಿನ ನಡುವೆ, ಅರ್ಧ ಸೆಂಟಿಮೀಟರ್ ಬಟ್ಟೆಯನ್ನು ಚಿವುಟಿ ಹಿಡಿದು, ಕೆಳಗೆ ಚೂಪಾಗುವಂತೆ ಕೈಹೊಲಿಗೆ ಹಾಕಿ. ಗಂಟು ಹೊರಬದಿಗೆ ಬರಲಿ, ಒಳಗಿದ್ದರೆ ಚುಚ್ಚುತ್ತದೆ. ನೂಲು ಬಿಗಿಯಾಗಿ ಎಳೆಯಬೇಡಿ, ಹಾಕಿಕೊಳ್ಳುವಾಗ ಕಟ್ ಅನ್ನುತ್ತದೆ.

ಇನ್ನೊಂದು ಉಪಾಯ ನನ್ನ ಹಾವೇರಿ ಗೆಳತಿಯದು. ಒಳ ಉಡುಪಿಗೆ ಹಾಕುವ ಪಾರದರ್ಶಕ ಪಟ್ಟಿ ಸಿಗುತ್ತದಲ್ಲ, ಅದರ ತುಂಡನ್ನು ಪಾದದ ಮೇಲೆ ಅಡ್ಡ ಬರುವಂತೆ ಸಾಕ್ಸ್‌ನ ಎರಡೂ ಬದಿಗೆ ಹೊಲಿದಿದ್ದಾಳೆ. ಸಾಕ್ಸ್ ಒಂದಿಷ್ಟೂ ಅಲ್ಲಾಡುವುದಿಲ್ಲ. ಬಿಸಿಲಲ್ಲಿ ಮಾತ್ರ ಮಿಣಮಿಣ ಹೊಳೆಯುತ್ತದೆ. "ಸೀರಿ ನಿರಿಗಿ ಅದರ ಮ್ಯಾಲೇ ಬೀಳ್ತಾವು, ಯಾರ್ ನೋಡ್ತಾರ?" ಅಂತಾಳೆ. ಚೂಡಿದಾರ ಹಾಕುವ ನನಗೆ ಅದು ಒಗ್ಗಲಿಲ್ಲ.